ದೋಣಿಗೂಟದ ಚಂದ್ರಯಾನ

ಕಡವಿನಬಾಗಿಲು, ಗುಲ್ವಾಡಿ ಅಂಚೆ
12-11-2008

ವಿನಯಾ ಟೀಚರ್‌ರವರಿಗೆ,

ವಿತ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು ಸ್ಟೇಟ್ ದಟ್... ಇಷ್ಟು ಬರೆದ ಮೇಲೆ ಮುಂದಿನದ್ದು ನೆನಪಾಗುತ್ತಿಲ್ಲ, ಕನ್ನಡದಲ್ಲೇ ಬರೆಯುತ್ತೇನೆ. ನಾನು ನಿಮ್ಮ ಐದನೇ ಕ್ಲಾಸಿನ ಮೋಕ್ಷಿತಾಳ ಅಜ್ಜ, ಅವಳ ಅಪ್ಪನ ಅಪ್ಪ. ಒಂದು ವರ್ಷ ಕುಂದಾಪುರಕ್ಕೆ ಪಿಯುಸಿಗೆ ಹೋಗಿ, ಇಂಗ್ಲಿಷಿನಲ್ಲಿ ಫೇಲಾಗಿ, ಆಮೇಲೆ ಮೂವತ್ತೈದು ವರ್ಷ ಈ ಕಡವಿನಲ್ಲಿ ಜನರನ್ನು ಹೊಳೆ ದಾಟಿಸಿದವ. ಕಿಂಡಿ ಅಣೆಕಟ್ಟು ಬಂತು, ಅದರ ಮೇಲೆ ಜನ ನಡೆದೇ ದಾಟಲಿಕ್ಕೆ ಶುರುಮಾಡಿದರು, ನಾನು ದೋಣಿ ಮಗುಚಿ ಹಾಕಿದೆ. ಆ ಕಟ್ಟಿನ ಕಡೆ ನಾನು ಇವತ್ತಿಗೂ ತಲೆ ಹಾಕುವುದಿಲ್ಲ. ಇರಲಿ, ಹೇಳಲಿಕ್ಕೆ ಹೊರಟದ್ದು ಅದಲ್ಲ.

ನೀವು ಮಕ್ಕಳಿಗೆ ಚಂದ್ರಯಾನದ ಪ್ರಾಜೆಕ್ಟ್ ಕೊಟ್ಟಿದ್ದೀರಿ. ಚೀಟಿಯಲ್ಲಿ "ಸೃಜನಶೀಲ ಚಿಂತನೆಗೆ ಆದ್ಯತೆ" ಎಂದು ಬರೆದಿದೆ. ಸಂತೋಷ. ಆದರೆ ಆಗುತ್ತಿರುವುದು ಎಂತ ಟೀಚರ್? ಮೊನ್ನೆ ನನ್ನ ಸೊಸೆ ಜಲಜ ಕುಂದಾಪುರದಲ್ಲಿ ಒಂದು ಅಂಗಡಿಗೆ ಹೋದರೆ ಥರ್ಮೋಕೋಲಿನ ರಾಕೆಟುಗಳನ್ನು ಸಾಲಾಗಿ ನಿಲ್ಲಿಸಿದ್ದರಂತೆ. ಇವಳು ಬಾಯಿ ತೆರೆಯುವ ಮೊದಲೇ ಅಂಗಡಿಯವ, "ಐದ್ನೇ ಕ್ಲಾಸಾ ಅಕ್ಕ? ಇಕಣಿ, ಎಲ್ಲರೂ ಇದನ್ನೇ ತಕಂಡ್ ಹೋಪುದ್, ಬಾವುಟ ಅಂಟಿಸಿಯೇ ಇತ್ತ್" ಎಂದನಂತೆ. ಹನ್ನೊಂದು ರಾಕೆಟ್ ಆಗಲೇ ಹೋಗಿದೆಯಂತೆ. ಹನ್ನೊಂದು ಮಕ್ಕಳ ಚಿಂತನೆಯನ್ನು ಒಬ್ಬ ಅಂಗಡಿಯವನೇ ಮಾಡಿ ಮುಗಿಸಿದ್ದಾನೆ!

ನಮ್ಮವಳು ರಾಕೆಟ್ ಬೇಡ ಎಂದಳು. ಶನಿವಾರ ಜಗಲಿಯಲ್ಲಿ ಕುಳಿತು, "ಅಜ್ಜಾ, ಎಲ್ಲರೂ ಚಂದ್ರ ಇಪ್ಪಲ್ಲಿಗೆ ಹೋತ್ರ್. ಚಂದ್ರ ನಾವಿಪ್ಪಲ್ಲಿಗೆ ಬಪ್ಪುದಿಲ್ಯಾ?" ಎಂದು ಕೇಳಿದಳು. "ದಿನಾ ಎರಡ್ ಸಲ ಬತ್ತ್ ಮಗಾ, ಹೊಳಿಗೆ" ಎಂದೆ. ಅಷ್ಟೇ ನಾನು ಹೇಳಿದ್ದು. ಉಳಿದದ್ದೆಲ್ಲ ಅವಳ ತಲೆಯದ್ದೇ. ನಮ್ಮ ದಕ್ಕೆಯಲ್ಲಿ ನನ್ನ ದೋಣಿ ಕಟ್ಟುತ್ತಿದ್ದ ಹಳೆಯ ಗೂಟ ಇನ್ನೂ ಇದೆ. ಅದರ ಬುಡದಲ್ಲಿ ಒಂದು ಮೊಳೆ. ಆ ದಿನ ಉಬ್ಬರಕ್ಕೆ ನೀರು ಏರಿ ಎಲ್ಲಿಯವರೆಗೆ ಗೂಟ ಒದ್ದೆಯಾಗಿದೆಯೋ ಅದನ್ನು ಮೊಳೆಯಿಂದ ಟೇಪಿನಲ್ಲಿ ಅಳೆಯುವುದು. ಪಕ್ಕದಲ್ಲಿ ಅಂದಿನ ಚಂದ್ರನ ಚಿತ್ರ. ಹೀಗೆ ಒಂದು ತಿಂಗಳು. ಚಂದ್ರ ದೂರದಿಂದ ಹೊಳೆಯನ್ನು ಎಷ್ಟು ಎಳೆಯುತ್ತಾನೆ ಎಂದು ಗೂಟವೇ ಹೇಳುತ್ತದೆ. ಗ್ರಾವಿಟೇಶನ್. ಇನ್ವರ್ಸ್‌ಲೀ ಪ್ರೊಪೋರ್ಶನಲ್ ಟು ಅಂತ ಕಲಿತಿದ್ದೆ, ಯಾವುದಕ್ಕೆ ಎನ್ನುವುದು ಹೊಳೆಪಾಲಾಗಿದೆ.

ಇದಕ್ಕೆ ರಾಕೆಟ್ ಇಲ್ಲ, ಬಾವುಟ ಇಲ್ಲ. ಒಪ್ಪುತ್ತೀರೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಿ. ಬಿಸಿಯೂಟದ ಸೀತು ನಮ್ಮ ನೆರೆಮನೆಯವಳು, ಅವಳ ಕೈಯಲ್ಲೇ ಉತ್ತರ ಕಳಿಸಿ. ಮಗುವಿನ ಕೈಯಲ್ಲಿ ಕೊಟ್ಟರೆ ದಾರಿಯಲ್ಲೇ ಓದುತ್ತಾಳೆ.

ಯುವರ್ಸ್ ಫೇಯ್ತ್‌ಫುಲಿ,
ಕೆ. ಸೂರ


ಶಾಲೆಯಿಂದ
15-11-2008

ಹಿರಿಯರಾದ ಸೂರಣ್ಣನವರಿಗೆ ನಮಸ್ಕಾರ.

ಒಪ್ಪಿದೆ. ಒಂದೇ ಮಾತು ಕೇಳಿದಿರಿ, ಆದರೆ ನಾನು ಇನ್ನೂ ನಾಲ್ಕು ಸೇರಿಸಬೇಕು.

ಒಂದು ಕೋಣೆಯಲ್ಲಿ ನಾಲ್ಕು ಮತ್ತು ಐದನೇ ಕ್ಲಾಸು ಒಟ್ಟಿಗೆ ಕೂರುತ್ತವೆ, ನಲವತ್ತೊಂದು ಮಕ್ಕಳು. ಬ್ರಹ್ಮಾವರದಿಂದ ಎರಡು ಬಸ್ಸು ಬದಲಿಸಿ ಬರುವಾಗ ದಾರಿಯುದ್ದಕ್ಕೂ ಯೋಚಿಸಿ ಆ ಚೀಟಿ ಬರೆದಿದ್ದೆ. ಹನ್ನೊಂದಲ್ಲ, ಈಗ ಹದಿನಾಲ್ಕು ರಾಕೆಟ್ ಬಂದಿದೆ. ಹದಿನಾಲ್ಕಕ್ಕೂ ಒಂದೇ ಜಾಗದಲ್ಲಿ ಗೋಂದು ಸೋರಿದೆ. ನಿಮಗೆ ಸಿಟ್ಟು ಬಂದಿದ್ದರೆ ನನಗೆ ಬಂದದ್ದು ಇನ್ನೂ ಹೆಚ್ಚು.

ನಿನ್ನೆ ನಮ್ಮ ನೌಕೆಯಿಂದ ಒಂದು ಪೆಟ್ಟಿಗೆ ಚಂದ್ರನ ಮೇಲೆ ಬಿತ್ತಲ್ಲ, ಅದನ್ನು ಹೇಳುವಾಗ ಮೋಕ್ಷಿತಾ ಒಬ್ಬಳೇ ಕೈ ಎತ್ತಿ, "ಬೀಳುವಾಗ ಅದು ಎಂತೆಲ್ಲ ಕಂಡಿತ್ ಅಂದ್ ಬರ್ದ್ ಕಳ್ಸಿತಾ?" ಎಂದು ಕೇಳಿದಳು. ಅವಳ ಕೆಲಸ ಬೈಂದೂರಿನ ವಸ್ತುಪ್ರದರ್ಶನಕ್ಕೆ ಹೋಗಬೇಕೆಂದು ನನ್ನ ಆಸೆ. ಶಾಲೆಯಿಂದ ಒಂದೇ ಕಳಿಸಬಹುದು.

ಒಂದು ನಿಯಮ ಮಾತ್ರ ಅವಳಿಗೆ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ. ನೋಡಿದ್ದನ್ನಷ್ಟೇ ಬರೆಯಬೇಕು. ನೋಡದ ದಿನ ಖಾಲಿ ಬಿಡಲಿ. ನೌಕೆ ಎರಡು ದಿನ ಸುಮ್ಮನಿದ್ದರೆ ವಿಜ್ಞಾನಿಗಳು ಆ ಎರಡು ದಿನವನ್ನು ಖಾಲಿ ಬಿಡುತ್ತಾರೆ, ತಾವೇ ತುಂಬಿಸುವುದಿಲ್ಲ.

ವಿಶ್ವಾಸವಿರಲಿ,
ವಿನಯಾ


ಕಡವಿನಬಾಗಿಲು
9-12-2008

ಟೀಚರ್‌ರವರಿಗೆ,

ಮೋಕ್ಷಿತಾಳಿಗೆ ನಿನ್ನೆಯಿಂದ ವಿಪರೀತ ಜ್ವರ, ಗಂಟುಗಂಟೆಲ್ಲ ನೋವು. ಊರಿಡೀ ಇದೇ ಜ್ವರ. ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ. ಆಸ್ ಐ ಆ್ಯಮ್ ಸಫರಿಂಗ್ ಎಂದು ಬರೆಯುತ್ತಿದ್ದೆವು, ಅವಳಿಗಾದರೆ ಆಸ್ ಶಿ ಈಸ್. ಈ ವಾರವಿಡೀ ರಜೆ ಕೊಡಬೇಕು. ಅವಳಮ್ಮ ಬೆಳಿಗ್ಗೆ ಮೀನಿನ ಫ್ಯಾಕ್ಟರಿಗೆ ಹೋದರೆ ಬರುವುದು ಸಂಜೆಗೆ. ಅವಳಪ್ಪ ಶೈಲೇಶ ಗೋವೆಯ ಬೋಟಿನಲ್ಲಿ. ಗಂಜಿ ಕೊಟ್ಟು, ಬಟ್ಟೆ ಒದ್ದೆ ಮಾಡಿ ಹಣೆಗಿಡಲು ನಾನಿದ್ದೇನೆ.

ಪ್ರಾಜೆಕ್ಟಿನ ಬಗ್ಗೆ ನಿಮಗೆ ಚಿಂತೆ ಬೇಡ.

ಯುವರ್ಸ್ ಫೇಯ್ತ್‌ಫುಲಿ,
ಕೆ. ಸೂರ


ಕಡವಿನಬಾಗಿಲು
18-12-2008

ವಿನಯಾ ಟೀಚರಿಗೆ,

ಇವತ್ತು ವಿತ್ ಡ್ಯೂ ರೆಸ್ಪೆಕ್ಟ್ ಇಲ್ಲ.

ನಿನ್ನೆ ಮಗು ಶಾಲೆಯಿಂದ ಬಂದು ಚೀಲ ಮೂಲೆಗೆ ಹಾಕಿ ಗೋಡೆಗೆ ಮುಖಮಾಡಿ ಮಲಗಿತು. ಜ್ವರ ಮರುಕಳಿಸಿತು ಎಂದು ಹಣೆ ಮುಟ್ಟಿದೆ, ಹಣೆ ತಣ್ಣಗಿತ್ತು. ಇವತ್ತು ಶಾಲೆಗೆ ಹೋಗುವುದಿಲ್ಲ ಎಂದು ಹಟ. ಪ್ರಾಜೆಕ್ಟ್ ಪುಸ್ತಕ ಎಲ್ಲಿ ಎಂದರೆ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು. ಜಲಜ ಅಕ್ಕಿ ಡಬ್ಬಿ ಸರಿಸುವಾಗ ಅದರ ಹಿಂದೆ ಸಿಕ್ಕಿತು. ತೆರೆದು ನೋಡಿದರೆ ಎಂಟರಿಂದ ಹದಿಮೂರನೇ ತಾರೀಖಿನವರೆಗಿನ ಆರು ಸಾಲಿನ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ನೋಡದೆ ಬರೆದದ್ದು"!

ಹತ್ತು ವರ್ಷದ ಹುಡುಗಿಯ ಪುಸ್ತಕದ ಮೇಲೆ ಬರೆಯುವ ಮಾತಾ ಇದು? ಸೀತು ಹೇಳುತ್ತಾಳೆ, ಊಟಕ್ಕೆ ಕೂತಾಗ ಮಕ್ಕಳೆಲ್ಲ "ಸುಳ್ಳಿ, ಸುಳ್ಳಿ" ಎಂದು ಬಟ್ಟಲು ಬಡಿದರಂತೆ, ಇವಳು ಅನ್ನ ಮುಟ್ಟಲಿಲ್ಲವಂತೆ. ಈಗ ನಿಮಗೆ ಸಮಾಧಾನವಾಯಿತೋ?

ಆ ಆರು ಸಾಲಿನಲ್ಲಿ ತಪ್ಪೇನಿದೆ ತೋರಿಸಿ. ಎಂಟಕ್ಕೆ ಹತ್ತೊಂಬತ್ತು ಇಂಚು, ಒಂಬತ್ತಕ್ಕೆ ಇಪ್ಪತ್ತೊಂದು, ಆಮೇಲೆ ಇಪ್ಪತ್ತಮೂರು, ಇಪ್ಪತ್ತಾರು, ಹುಣ್ಣಿಮೆಯ ದಿನ ಇಪ್ಪತ್ತೆಂಟು, ಮಾರನೇ ದಿನ ಮೂವತ್ತು. ನಿಮ್ಮ ಬ್ರಹ್ಮಾವರದ ಬಸ್ಸಿನಲ್ಲಿ ಇದು ಕಲಿಯಲಿಕ್ಕೆ ಸಿಗುವುದಿಲ್ಲ. ದಶಮಿ ಏಕಾದಶಿಗೆ ಸತ್ತ ನೀರು, ಹುಣ್ಣಿಮೆಗೆ ಏರು ನೀರು, ಕಳೆದ ಮರುದಿನ ಇನ್ನೂ ಏರು. ಈ ಹೊಳೆಯ ನೀರು ಯಾವ ತಿಥಿಗೆ ಎಷ್ಟು ಬರುತ್ತದೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಒಂದಿಂಚು ಹೆಚ್ಚಿಲ್ಲ, ಒಂದಿಂಚು ಕಮ್ಮಿಯಿಲ್ಲ.

ನನಗೆ ಗೊತ್ತು ಇದು ಎಲ್ಲಿಂದ ಬಂತೆಂದು. ನಿಮಗೂ ಕೊನೆಗೆ ರಾಕೆಟೇ ಬೇಕು. ಇನ್‌ಸ್ಪೆಕ್ಟರು ಬಂದರೆ ತೋರಿಸಲಿಕ್ಕೆ ಚಂದ. ಗೂಟದಲ್ಲಿ ತೋರಿಸಲಿಕ್ಕೆ ಎಂತ ಉಂಟು, ಪಾಚಿ! ಕೆಂಪು ಶಾಯಿ ತೆಗೆಯದಿದ್ದರೆ ಶಿಕ್ಷಣಾಧಿಕಾರಿಗಳಿಗೆ ಇಂಗ್ಲಿಷಿನಲ್ಲೇ ಬರೆಯುತ್ತೇನೆ, ಎಷ್ಟು ತಪ್ಪಾದರೂ ಚಿಂತೆಯಿಲ್ಲ.

ಕೆ. ಸೂರ


ಶಾಲೆಯಿಂದ
20-12-2008

ಸೂರಣ್ಣನವರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದೊಂದಾಗಿ ಹೇಳುತ್ತೇನೆ, ನಡುವೆ ಹರಿದು ಹಾಕಬೇಡಿ.

ಹದಿನಾರನೇ ತಾರೀಖು ಪುಸ್ತಕ ನೋಡುತ್ತಿದ್ದೆ. ಹದಿಮೂರಕ್ಕೆ ಮೂವತ್ತು ಇಂಚು. ಹದಿನಾಲ್ಕಕ್ಕೆ ಇಪ್ಪತ್ತೆರಡು. ಹದಿನೈದಕ್ಕೂ ಇಪ್ಪತ್ತೆರಡು. ಒಂದೇ ರಾತ್ರಿಗೆ ಎಂಟಿಂಚು ಹೇಗೆ ಕಡಿಮೆಯಾಯಿತೆಂದು ತರಗತಿಯಲ್ಲೇ ಕೇಳಿದೆ. ತಪ್ಪು ಹಿಡಿಯಲಿಕ್ಕಲ್ಲ, ಏನೋ ಹೊಸದು ಕಂಡಿದ್ದಾಳೆ ಎಂಬ ಖುಷಿಗೆ. ಆಗ ಜಿತೇಂದ್ರ ಎದ್ದು ನಿಂತ. ಅವನಪ್ಪ ಪ್ರೇಮಾನಂದ, ಉಪ್ಪುನೀರು ಮೇಲೆ ಬರದಂತೆ ಕಿಂಡಿ ಕಟ್ಟಿಗೆ ಹಲಗೆ ಇಳಿಸುವವರಲ್ಲಿ ಒಬ್ಬರು. "ಟೀಚರ್, ಅಪ್ಪ ಏಳ್ನೇ ತಾರೀಕಿಗೇ ಹಲ್ಗಿ ಹಾಕಿರ್. ಅದ್ರ್ ಮೇಲೆ ನಮ್ ಬದಿ ನೀರ್ ಏರೂದೂ ಇಲ್ಲ ಇಳಿಯೂದೂ ಇಲ್ಲ. ಮೂವತ್ತ್ ಎಲ್ಲಿಂದ ಬಂತ್?" ಎಂದ.

ನಿಮ್ಮ ದಕ್ಕೆ ಕಟ್ಟಿನ ಮೇಲ್ಬದಿಗೆ. ನಾನು ಮರುದಿನ ಶಾಲೆಗೆ ಬರುವ ಮೊದಲು ಅಲ್ಲಿ ಇಳಿದು ನೋಡಿದೆ. ನೀರು ಕೆರೆಯ ಹಾಗೆ ನಿಂತಿದೆ. ಗೂಟದಲ್ಲಿ ಮೊಳೆಯಿಂದ ಇಪ್ಪತ್ತೆರಡೇ.

ಆಮೇಲೆ ಅವಳನ್ನು ಒಬ್ಬಳನ್ನೇ ಕರೆದು, ಆ ಆರು ದಿನ ನೋಡಿದ್ದು ಯಾರು ಎಂದು ಕೇಳಿದೆ. "ನಾನೇ" ಎಂದಳು. ಜ್ವರ ಇತ್ತಲ್ಲ, ಎಂದೆ. "ನಾನೇ ಹೋಯಿ ಕಂಡದ್ದ್" ಎಂದಳು. ಮೂರು ಸಲ ಕೇಳಿದೆ, ಮೂರು ಸಲವೂ ಅದೇ. ಅವಳು ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ ಎಂದು ನಿಮ್ಮ ಕೈಯಲ್ಲಿ ಬರೆದ ರಜಾ ಪತ್ರ ನನ್ನ ಮೇಜಿನ ಮೇಲೆಯೇ ಇತ್ತು.

ನಾನು ಊಹಿಸಬಲ್ಲೆ. ಆದರೆ ನಾನೂ ನೋಡದೆ ಬರೆಯಬಾರದಲ್ಲ. ಅವಳು "ನಾನೇ" ಎಂದ ಮೇಲೆ ಕೆಂಪು ಶಾಯಿ ಅವಳ ಪುಸ್ತಕಕ್ಕೇ ಬಿತ್ತು. ಮಕ್ಕಳು ಬಟ್ಟಲು ಬಡಿದದ್ದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬೈದಿದ್ದೇನೆ. ಬೈದರೆ ಇನ್ನೂ ಮೆಲ್ಲಗೆ ಹೇಳುತ್ತಾರೆ, ಅಷ್ಟೇ.

ಬೈಂದೂರಿಗೆ ಹೆಸರು ಕಳಿಸಲು ಇಪ್ಪತ್ತಾರು ಕೊನೆಯ ದಿನ. ಅಷ್ಟರೊಳಗೆ ಯಾರಾದರೂ ಏನಾದರೂ ಹೇಳುವುದಿದ್ದರೆ ನಾನು ಕೇಳಲು ತಯಾರಿದ್ದೇನೆ.

ವಿನಯಾ


ಕಡವಿನಬಾಗಿಲು
23-12-2008

ಟೀಚರಿಗೆ,

ಹಲಗೆ ಏಳನೇ ತಾರೀಖಿಗೆ ಹಾಕುವುದೆಂದು ಎಲ್ಲಿಯೂ ಇಲ್ಲ. ಯಾವಾಗಲೂ ತಿಂಗಳ ಕೊನೆಗೆ ಹಾಕುವುದು. ಆ ಪ್ರೇಮಾನಂದನಿಗೆ ದಿನ ವಾರ ನೆನಪಿರುವುದು ಅಷ್ಟರಲ್ಲೇ ಇದೆ. ಮಗನ ರಾಕೆಟ್ ಬೈಂದೂರಿಗೆ ಹೋಗಲಿ ಎಂದು ಹೇಳಿಸಿರಬಹುದು. ಇನ್ನು ನನ್ನಲ್ಲಿ ಹೇಳುವುದೇನೂ ಇಲ್ಲ.

ಕೆ. ಸೂರ


ಕಡವಿನಬಾಗಿಲು
29-12-2008

ವಿನಯಾ ಟೀಚರ್‌ರವರಿಗೆ,

ಇಪ್ಪತ್ತಾರು ಕಳೆಯಿತು. ಕಳೆಯಲಿ ಎಂದೇ ನಾನು ಕಾದದ್ದೋ ಏನೋ, ನನಗೇ ಗೊತ್ತಿಲ್ಲ. ಆ ಸಿಟ್ಟಿನ ಕಾಗದ ಕಳಿಸಿದ ಮೇಲೆ ಮೂರು ಕಾಗದ ಬರೆದು ಒಲೆಗೆ ಹಾಕಿದೆ. ಮೂರರಲ್ಲಿಯೂ ನಾನೇ ಸರಿ ಎಂದು ಬರೆದಿದ್ದೆ.

ಮೊನ್ನೆ ಶನಿವಾರ ಸೀತು ಬೇಲಿಯ ಆಚೆಯಿಂದ, "ಸೂರಣ್ಣ, ಮಗಿನ್ ಮುಖ ಕಂಡಿರ್ಯಾ? ನಿಮ್ಗೆ ಕಾಗ್ದ ಬರೂಕ್ ಪುರ್ಸೊತ್ತಿತ್ತ್, ಎರಡ್ ಫರ್ಲಾಂಗ್ ನಡ್ದ್ ಆ ಕಟ್ಟ್ ಕಾಂಬುಕೆ ಪುರ್ಸೊತ್ತಿಲ್ಯಾ?" ಎಂದಳು. ನನಗೆ ಕೋಪ ಬಂತು. ಆ ಕೋಪದಲ್ಲೇ ಕೋಲು ಹಿಡಿದು ಹೊರಟೆ. ಎಂಟು ವರ್ಷದಲ್ಲಿ ಮೊದಲ ಸಲ.

ಪ್ರೇಮಾನಂದ ಅಲ್ಲೇ ಇದ್ದ, ಹಲಗೆಯ ಸಂದಿಗೆ ಮಣ್ಣು ಮೆತ್ತುತ್ತಿದ್ದ. "ಹ್ವಾಯ್ ಸೂರಣ್ಣ! ಇವತ್ತ್ ದಾರಿ ತಪ್ಪಿತಾ ಹ್ಯಾಂಗೆ?" ಎಂದ. ಹಲಗೆ ಯಾವತ್ತು ಹಾಕಿದ್ದು ಎಂದು ಕೇಳಿದೆ. "ಏಳಕ್ಕೆ, ಆಯ್ತ್ವಾರ. ಈ ಸಲ ಉಪ್ಪು ಬೇಗ ಮೇಲೆ ಬಂತ್, ಗದ್ದೆಯವ್ರ್ ಗಲಾಟೆ. ಅದ್ಕೇ ಬೇಗ ಹಾಕ್ದ್." ಕೆಳಬದಿಗೆ ಬಗ್ಗಿ ನೋಡಿದೆ. ಅಂದು ಅಮಾವಾಸ್ಯೆ. ಉಪ್ಪುನೀರು ಕಂಬಕ್ಕೆ ಹೊಡೆದು ಹೊಡೆದು ಏರುತ್ತಿತ್ತು, ನನಗೆ ಗೊತ್ತಿದ್ದ ಹಾಗೆಯೇ, ಅದೇ ಹೊತ್ತಿಗೆ. ತಿರುಗಿ ಮೇಲ್ಬದಿಗೆ ನೋಡಿದರೆ ನೀರು ಅಲುಗುವುದಿಲ್ಲ. ಒಂದು ಹಲಗೆಯ ದಪ್ಪ ಅಷ್ಟೇ ನಡುವೆ. "ಚಂದ್ರ ಬಂದ್ರೂ ಹಲ್ಗಿ ದಾಟೂದಿಲ್ಲ ಸೂರಣ್ಣ" ಎಂದು ಪ್ರೇಮಾನಂದ ನಕ್ಕ. ಅವ ತಮಾಷೆಗೆ ಹೇಳಿದ್ದು. ನಾನು ಕೋಲನ್ನು ಮೇಲ್ಬದಿಯ ನೀರಿಗೆ ಇಳಿಸಿ ನೋಡಿದೆ.

ಈಗ ಹೇಳುತ್ತೇನೆ. ಆ ಆರು ದಿನ ನಾನು ದಕ್ಕೆಗೆ ಇಳಿಯಲೇ ಇಲ್ಲ.

ಜ್ವರ ಬಂದ ದಿನ ಮಗು ನನ್ನ ಕೈಯಲ್ಲಿ ಟೇಪು ಕೊಟ್ಟು, "ಅಜ್ಜಾ, ಮರೂದ್ ಬ್ಯಾಡ" ಎಂದಿತು. ದಕ್ಕೆಗೆ ಮೂವತ್ತೆರಡು ಮೆಟ್ಟಿಲು, ನನ್ನ ಮೊಣಕಾಲು ನಾಲ್ಕನೆಯದಕ್ಕೇ ಬೇಡ ಎನ್ನುತ್ತದೆ. ಆದರೆ ಮೊಣಕಾಲಿನ ಮೇಲೆ ಹಾಕಿ ತಪ್ಪಿಸಿಕೊಳ್ಳುವುದಿಲ್ಲ ಟೀಚರ್. ಕೋಲು ಊರಿ ಇಳಿಯಬಹುದಿತ್ತು. ಜಗಲಿಯಲ್ಲಿ ಕೂತು ಪಂಚಾಂಗ ನೋಡಿದೆ. ಮೂವತ್ತೈದು ವರ್ಷ ದೋಣಿಯ ಹುಟ್ಟು ಹಾಕಿದವನಿಗೆ ನೀರು ಎಷ್ಟೆಂದು ನೀರೇ ಹೇಳಬೇಕಾ ಎಂಬ ಅಹಂಕಾರ. ಒಳಗೆ ಹೋಗುವ ಮೊದಲು ಬಾವಿಕಟ್ಟೆಯಲ್ಲಿ ಕಾಲು ತೊಳೆದುಕೊಳ್ಳುತ್ತಿದ್ದೆ. ಒದ್ದೆ ಕಾಲು ನೋಡಿ ಅವಳು ನಾನು ಹೊಳೆಯಿಂದ ಬಂದೆ ಎಂದುಕೊಳ್ಳುತ್ತಿದ್ದಳು. ಮಲಗಿದಲ್ಲಿಂದಲೇ, "ಎಷ್ಟ್ ಅಜ್ಜಾ?" ಎಂದು ಕೇಳುವುದು, "ಇಪ್ಪತ್ತಾರ್ ಮಗಾ" ಎನ್ನುವುದು. ಆ ಜ್ವರದಲ್ಲಿ ಪೆನ್ಸಿಲು ಹಿಡಿದು ಬರೆಯುತ್ತಿದ್ದಳು. ಅಕ್ಷರ ಅವಳದ್ದೇ, ಸುಳ್ಳು ನನ್ನದು.

ಹದಿನಾಲ್ಕಕ್ಕೆ ಜ್ವರ ಬಿಟ್ಟಿತು, ಅವಳೇ ಇಳಿದು ಹೋದಳು. ಮೇಲೆ ಬಂದು, "ಅಜ್ಜಾ, ನಿನ್ನೆ ಮೂವತ್ತ್ ಇದ್ದದ್ದ್ ಇವತ್ತ್ ಇಪ್ಪತ್ತೆರಡ್ ಹ್ಯಾಂಗಾಯ್ತ್?" ಎಂದಳು. ನಾನು ಪೇಪರಿನಿಂದ ತಲೆ ಎತ್ತದೆ, "ಇಳಿತ ಮಗಾ" ಎಂದೆ. ಪುಸ್ತಕದ ಪುಟ ಹಿಂದಕ್ಕೆ ತಿರುಗಿಸಿದ ಸದ್ದು ಕೇಳಿತು. ಆಮೇಲೆ ಒಳಗೆ ಹೋದಳು. ಅವಳಿಗೆ ಅಲ್ಲೇ ಗೊತ್ತಾಗಿದೆ. ಹೇಳಲಿಲ್ಲ. ನಿಮ್ಮೆದುರು ಮೂರು ಸಲ ನಿಂತು "ನಾನೇ" ಎಂದಳು. ನಿಮ್ಮ ಪತ್ರದಲ್ಲಿ ಆ ಸಾಲು ಓದಿದ ಮೇಲೂ ನಾನು ಪ್ರೇಮಾನಂದನ ಮೇಲೆ ಹಾಕಿ ಬರೆದೆ. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಶಬ್ದ ಇತ್ತು, ನೆನಪಾಗುವುದು ಬೇಡ.

ನನ್ನ ಹೆಂಡತಿ ವನಜ ತೀರಿಕೊಂಡು ಆರು ವರ್ಷವಾಯಿತು. ಮದುವೆಯಾದ ಹೊಸತರಲ್ಲಿ ಒಂದು ಸಲ ಅವಳು ಆಚೆದಡದ ತವರಿಗೆ ಹೊರಟಾಗ, ಇಳಿಯುವಲ್ಲಿ ನೀರು ಪಾದದಷ್ಟೇ ಎಂದು ನಾನು ಹಿಂದೆ ತಿರುಗದೆ ಹೇಳಿದ್ದೆ. ಸೊಂಟದವರೆಗೆ ಇತ್ತು. ಹೊಸ ಸೀರೆ ಹಿಂಡುತ್ತಾ ದಡದಲ್ಲಿ ನಿಂತು, "ನಿಮ್ಗೆ ಕಣ್ಣ್ ಇಪ್ಪುದ್ ಎಂತಕೆ?" ಎಂದಳು. ನಾನು ನಲವತ್ತು ವರ್ಷ ಅದನ್ನು ನಗೆಮಾತಾಗಿ ಎಲ್ಲರಿಗೂ ಹೇಳುತ್ತಾ ಬಂದೆ.

ಮಗುವಿನ ಹತ್ತಿರ ಶನಿವಾರ ಸಂಜೆಯೇ ಹೇಳಿದೆ. ಕಟ್ಟಿಗೆ ಹೋಗಿದ್ದೆ, ತಪ್ಪಾಯಿತು ಎಂದೆ. "ಗೊತ್ತಿತ್ತ್" ಎಂದಳು, ಅಷ್ಟೇ. ಮತ್ತೆ ಹೋಮ್‌ವರ್ಕ್ ಮಾಡಲಿಕ್ಕೆ ಕೂತಳು. ಬೈದಿದ್ದರೆ ಒಳ್ಳೆಯದಿತ್ತು.

ಐದನೇ ತಾರೀಖು ಸೋಮವಾರ ನಾನು ಶಾಲೆಗೆ ಬರುತ್ತೇನೆ. ನಿಮ್ಮ ಕೋಣೆಯಲ್ಲಲ್ಲ, ಆ ನಲವತ್ತೊಂದು ಮಕ್ಕಳ ಎದುರಿಗೇ ಹೇಳಬೇಕು. ಬಟ್ಟಲು ಬಡಿಯುವುದಾದರೆ ನನಗೆ ಬಡಿಯಲಿ.

ಫೇಯ್ತ್‌ಫುಲಿ ಎಂದು ಬರೆಯಲು ಈ ಸಲ ಮನಸ್ಸು ಬರುವುದಿಲ್ಲ.
ಕೆ. ಸೂರ


ಶಾಲೆಯಿಂದ
8-1-2009

ಸೂರಣ್ಣನವರಿಗೆ ನಮಸ್ಕಾರ.

ಸೋಮವಾರ ನೀವು ಹೇಳಿ ಮುಗಿಸಿದ ಕೂಡಲೇ ಹೊರಟುಬಿಟ್ಟಿರಿ, ಚಾ ಕುಡಿಯಲೂ ನಿಲ್ಲಲಿಲ್ಲ. ಆಮೇಲೆ ಆದದ್ದು ನಿಮಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಜಿತೇಂದ್ರ, "ಅಜ್ಜ ಹೋಯಿ ಕಾಂಬುದಲ್ದಾ?" ಎಂದು ಕೇಳಿದಾಗ ಎಲ್ಲ ನಕ್ಕರಲ್ಲ, ಆಗ ಮೋಕ್ಷಿತಾ ತಲೆ ತಗ್ಗಿಸಿದ್ದು ನೀವು ನೋಡಿದಿರಿ. ನೀವು ಗೇಟು ದಾಟಿದ ಮೇಲೆ ಅವಳು ಎದ್ದು ನಿಂತು, "ಅಜ್ಜ ಹೇಳಿದ್ದ್ ಪೂರಾ ಸುಳ್ಳಲ್ಲ" ಎಂದಳು. ಕಟ್ಟಿನ ಕೆಳಬದಿಗೆ ಹೋಗಿ ನೋಡಿದರೆ ಅಜ್ಜನ ಇಂಚೇ ಸರಿಯಾಗಬಹುದು ಎಂದಳು. "ಆದ್ರೆ ಅದ್ ಕಂಡದ್ದಲ್ಲ" ಎಂದು ತಾನೇ ಸೇರಿಸಿದಳು. ನಾನು ಬಿ.ಎಡ್.ನಲ್ಲಿ ಒಂದು ವರ್ಷ ಕಲಿತದ್ದನ್ನು ಅವಳು ಎರಡು ಮಾತಿನಲ್ಲಿ ಹೇಳಿ ಕೂತಳು.

ನನ್ನ ಕೆಂಪು ಶಾಯಿಯನ್ನು ನಾನೇ ಹೊಡೆದುಹಾಕಿ ಸಹಿ ಹಾಕಿದ್ದೇನೆ. ಇನ್ನೊಂದು ದಿನ ಕಾದು, ಅವಳು ಒಬ್ಬಳೇ ಇದ್ದಾಗ ಮತ್ತೆ ಕೇಳಬಹುದಿತ್ತು ನಾನು. ಅವಸರ ಮಾಡಿದೆ. ಅದು ನನ್ನ ತಪ್ಪು.

ಬೈಂದೂರಿಗೆ ಜಿತೇಂದ್ರನ ರಾಕೆಟೇ ಹೋಯಿತು. ಇಪ್ಪತ್ತಾರಕ್ಕೆ ಕಳಿಸಿದ ಹೆಸರನ್ನು ಬದಲಿಸುವುದಿಲ್ಲ ಎಂದರು, ಎರಡು ಸಲ ಫೋನು ಮಾಡಿದೆ. ಅಲ್ಲಿ ಇಪ್ಪತ್ತಮೂರು ಶಾಲೆಯಿಂದ ಹತ್ತೊಂಬತ್ತು ರಾಕೆಟ್ ಬಂದಿತ್ತು. ಬಹುಮಾನ ಬಂದದ್ದು ದೀಪ ಉರಿಯುವ ಒಂದು ರಾಕೆಟಿಗೆ. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಅಳು ಬಂತು, ಸಿಟ್ಟಿಗೆ.

ವಿನಯಾ


ಕಡವಿನಬಾಗಿಲು
26-5-2009

ವಿನಯಾ ಟೀಚರ್‌ರವರಿಗೆ,

ರಜೆಯಲ್ಲಿ ನಿಮ್ಮ ಬ್ರಹ್ಮಾವರದ ಮನೆಗೇ ಅಂಚೆಯಲ್ಲಿ ಹಾಕುತ್ತಿದ್ದೇನೆ. ಸೀತು ಮೈಲಿಗಟ್ಟಲೆ ಹೊರುವುದಿಲ್ಲ ಎಂದಳು.

ಶುಕ್ರವಾರ ಹಲಗೆ ತೆಗೆದರು. ಮಳೆಗೆ ಮೊದಲು ತೆಗೆಯದಿದ್ದರೆ ಕಟ್ಟೇ ಹೋಗುತ್ತದಂತೆ. ಹೋದರೆ ಹೋಗಲಿ ಎಂದು ಎಂಟು ವರ್ಷ ಹಾರೈಸಿದವ ನಾನು. ಈ ಸಲ ಮಗುವಿನೊಟ್ಟಿಗೆ ಬದಿಯಲ್ಲಿ ನಿಂತು ನೋಡಿದೆ. ಒಂದೊಂದೇ ಹಲಗೆ ಏಳುವಾಗ ಆಚೆಯ ನೀರೂ ಈಚೆಯ ನೀರೂ ಒಂದಕ್ಕೊಂದು ನುಗ್ಗಿದವು. ಚಂದವೆಂದು ಹೇಳಲಾರೆ. ಕೆಸರು, ಕಸ, ಒಂದು ಚಪ್ಪಲಿ.

ಮೋಕ್ಷಿತಾ ಹೊಸ ಪುಸ್ತಕ ಮಾಡಿದ್ದಾಳೆ. ಹಳೆಯದನ್ನೆಲ್ಲ ಅದಕ್ಕೆ ಇಳಿಸಿದ್ದಾಳೆ. ಡಿಸೆಂಬರ್ ಎಂಟರಿಂದ ಹದಿಮೂರು, ಆರು ಮನೆ ಖಾಲಿ. ತುದಿಯ ಒಂದು ಪುಟದಲ್ಲಿ ಬೇರೆಯಾಗಿ ನನ್ನ ಆರು ಅಂಕಿ, ಅದರ ಮೇಲೆ "ಹಲಗೆ ಇಲ್ಲದಿದ್ದರೆ, ಅಜ್ಜನ ಅಂದಾಜು" ಎಂದು ತಲೆಬರಹ. ನನಗೆ ಆ ಪುಟ ಹರಿಯಬೇಕೆನಿಸುತ್ತದೆ. ಅವಳು ಹರಿಯಲು ಬಿಡುವುದಿಲ್ಲ. ಇಷ್ಟಕ್ಕೂ ನಿಮ್ಮ ಮುಂದಿನ ವರ್ಷದ ಚೀಟಿ ಇನ್ನೂ ಬಂದಿಲ್ಲ. ಬಂದರೂ ಆ ಅಂಗಡಿಯವನಿಗೇ ಮೊದಲು ಬರುತ್ತದೆ. ಪ್ರದರ್ಶನ ಇಲ್ಲ, ಬಹುಮಾನ ಇಲ್ಲ, ಇದು ಯಾರಿಗೆ ಎಂದು ಕೇಳಿದೆ. "ಹೊಳಿಗೆ" ಎಂದಳು.

ಇವತ್ತು ಅಮಾವಾಸ್ಯೆ ಕಳೆದು ಎರಡನೆಯ ದಿನ. ಸಂಜೆ ದಕ್ಕೆಗೆ ಹೊರಟೆವು. ಅವಳ ಕರಾರು: ಅಜ್ಜ ಕಾಂಬುದ್, ನಾನ್ ಬರೂದ್. ಅವಳು ಪುಸ್ತಕ ಹಿಡಿದು ಮೇಲಿನ ಮೆಟ್ಟಿಲಲ್ಲಿ ಕೂತಳು, ಟೇಪು ನನ್ನ ಕೈಯಲ್ಲಿ. ಹತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಮೊಣಕಾಲು ಹಿಡಿಯಿತು. ಅಲ್ಲಿಂದ ಗೂಟ ಚೆನ್ನಾಗಿ ಕಾಣುತ್ತಿತ್ತು. ನಿಂತಲ್ಲಿಂದಲೇ ಒಂದು ಅಂಕಿ ಕೂಗಿದೆ.

ಮೇಲಿನಿಂದ ಪೆನ್ಸಿಲಿನ ಸದ್ದು ಬರಲಿಲ್ಲ.

"ಇಳಿ ಅಜ್ಜಾ" ಎಂದಳು.

ಇನ್ನೂ ಇಪ್ಪತ್ತೆರಡು ಮೆಟ್ಟಿಲು. ಬೈದುಕೊಳ್ಳುತ್ತಲೇ ಇಳಿದೆ, ಅವಳನ್ನು, ನಿಮ್ಮನ್ನು, ಚಂದ್ರನನ್ನು. ಕೊನೆಯ ಮೆಟ್ಟಿಲಲ್ಲಿ ಪಾಚಿ, ಕೋಲು ಜಾರಿತು, ಪಾದ ನೀರಿಗೆ ಬಿತ್ತು. ಮೊಳೆಗೆ ಟೇಪು ಹಿಡಿದು ನೋಡಿದೆ. ನಾನು ಕೂಗಿದ್ದಕ್ಕಿಂತ ಮೂರು ಇಂಚು ಕಮ್ಮಿ. ಇನ್ನೊಂದು ಸಲ ಹಿಡಿದೆ. ಮೂರೇ ಕಮ್ಮಿ. ಆ ಅಂಕಿಯನ್ನು ಮೇಲಕ್ಕೆ ಕೂಗಿದೆ, ಅವಳು ಬರೆದಳು.

ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ನೀವು ಬಂದಾಗ ಅವಳ ಪುಸ್ತಕದಲ್ಲೇ ನೋಡಿ.

ಕಾಲು ಇನ್ನೂ ಒದ್ದೆಯಿದೆ. ಈ ಸಲ ಹೊಳೆಯದ್ದೇ ನೀರು.

ಯುವರ್ಸ್ ಫೇಯ್ತ್‌ಫುಲಿ,
ಕೆ. ಸೂರ